ರುಚಿ ನೋಡದೆ ಉಪ್ಪು ಹಾಕುತ್ತಿದ್ದವರು

(ಮಾವನ ವರ್ಷಾಂತಿಕದ ನಂತರದ ಭಾನುವಾರ, ನಮ್ಮೂರಿನ ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮಾವನ ಬಗ್ಗೆ ಅರ್ಧ ಗಂಟೆ ಮಾತಾಡಬೇಕು ಎಂದು ವಾಚನಾಲಯದವರು ಹೇಳಿದಾಗ ನಾನು ಮೊದಲು ಅತ್ತೆಯ ಒಪ್ಪಿಗೆ ಕೇಳಿದೆ. ಅತ್ತೆ ಒಂದೇ ಷರತ್ತು ಹಾಕಿದರು. "ಮಾತಾಡು. ಆದ್ರೆ ಅವರನ್ನು ದೇವರು ಮಾಡಬೇಡ. ಮನುಷ್ಯರಾಗಿಯೇ ಇರಲಿ." ಅತ್ತೆ ಈಗ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ನಾನು ತಪ್ಪು ಹೇಳಿದರೆ ಅಲ್ಲಿಂದಲೇ ತಿದ್ದುತ್ತಾರೆ.

ಇಲ್ಲಿರುವ ಹೆಚ್ಚಿನವರು ಮಾವನ ಕೈ ಅಡಿಗೆ ಉಂಡವರು. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯ ಬಾಯಾರು, ಪೈವಳಿಕೆ, ಉಪ್ಪಳ, ಆ ಕಡೆ ಕುಂಬಳೆಯವರೆಗೆ ಎಷ್ಟೋ ಮದುವೆ, ಉಪನಯನ, ಬೊಜ್ಜ (ಉತ್ತರಕ್ರಿಯೆ), ಜಾತ್ರೆಗಳಲ್ಲಿ ಕೊಪ್ಪರಿಗೆಯ ಹತ್ತಿರ ನಿಂತವರು ಅವರು. ಅವರ ಸೌತೆ ಮೇಲಾರ, ಗುಜ್ಜೆ ಪಲ್ಯ, ಹಲಸಿನ ಹಣ್ಣಿನ ಪಾಯಸ ನೆನಪಾದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ ಅಲ್ವಾ? ನಾನು ಏಳನೇ ಕ್ಲಾಸಿನಿಂದ ಅವರ ಮನೆಯಲ್ಲೇ ಬೆಳೆದವಳು. ಅಪ್ಪ ತೀರಿಹೋದ ಮೇಲೆ ಅಮ್ಮನನ್ನೂ ನನ್ನನ್ನೂ ಕರೆದುಕೊಂಡು ಬಂದು ಎರಡು ತಟ್ಟೆ ಜಾಸ್ತಿ ಇಟ್ಟವರು. ಅದರ ಬಗ್ಗೆ ಒಂದು ದಿನವೂ ಒಂದು ಮಾತು ಆಡಿದವರಲ್ಲ.

ಅವರ ಕಸುಬಿನ ಒಂದು ವಿಷಯ ಹೇಳದೆ ಮುಂದಿನದ್ದು ಅರ್ಥವಾಗುವುದಿಲ್ಲ. ದೇವರ ನೈವೇದ್ಯಕ್ಕೆ ಮಾಡುವ ಅಡಿಗೆಯನ್ನು ಮಾಡುವವರು ರುಚಿ ನೋಡುವ ಹಾಗಿಲ್ಲ. ಮೊದಲು ದೇವರಿಗೆ, ಆಮೇಲೆ ಮನುಷ್ಯರಿಗೆ. ಐನೂರು ಜನಕ್ಕೆ ಸಾಂಬಾರು ಕುದಿಯುತ್ತಿರುತ್ತದೆ, ಸೌಟಿನ ತುದಿಯಿಂದ ಒಂದು ತೊಟ್ಟು ಅಂಗೈಗೆ ಹಾಕಿ ನೋಡುವ ಹಾಗೂ ಇಲ್ಲ. ಹಾಗಾದರೆ ಉಪ್ಪು ಎಷ್ಟು ಅಂತ ಗೊತ್ತಾಗುವುದು ಹೇಗೆ? ಮಾವ ಬಾಲ್ದಿಯಲ್ಲಿ ಕಲ್ಲುಪ್ಪು ಕರಗಿಸಿ ಇಟ್ಟುಕೊಳ್ಳುತ್ತಿದ್ದರು. ಅದನ್ನು ಸ್ವಲ್ಪ ಸ್ವಲ್ಪ ಹುಯ್ದು, ಸೌಟಲ್ಲಿ ಒಮ್ಮೆ ಅಡಿ ಮೇಲೆ ಮಾಡಿ, ಹಬೆಗೆ ಮುಖ ಕೊಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಪರಿಮಳದಲ್ಲೇ ತಿಳಿಯುತ್ತದೆ ಎನ್ನುತ್ತಿದ್ದರು. ಉಪ್ಪು ಕಡಿಮೆ ಇದ್ದರೆ ಹಬೆ "ಸಪ್ಪೆ" ಇರುತ್ತದಂತೆ. ನಾನು ಎಷ್ಟೋ ಸಲ ಪಕ್ಕದಲ್ಲಿ ನಿಂತು ಮೂಸಿ ನೋಡಿದ್ದೇನೆ, ನನಗೆ ಕೊತ್ತಂಬರಿ ಬಿಟ್ಟು ಬೇರೆ ಏನೂ ಸಿಕ್ಕಿಲ್ಲ.

ಬಡಿಸುವಾಗ ಹಂತಿಯ ನಡುವೆ ನಡೆಯುತ್ತಾ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. "ಉಪ್ಪು ಸರಿ ಉಂಟಾ?" ಅವರು ಮಾಡಿದ್ದು ಹೇಗಾಗಿದೆ ಅಂತ ಅವರಿಗೆ ಗೊತ್ತಾಗುತ್ತಿದ್ದದ್ದು ಬೇರೆಯವರ ಬಾಯಿಂದಲೇ. ನಲವತ್ತು ವರ್ಷದ ಹತ್ತಿರ ಹೀಗೆ ಕೆಲಸ ಮಾಡಿದವರು ಅವರು. ಕಾಯಿಲೆ ಬಂದ ಮೇಲೆ ಅವರು ಬದುಕಿದ್ದೂ ಇದೇ ಕ್ರಮದಲ್ಲಿ ಅಂತ ನನಗೆ ಅನ್ನಿಸುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದದ್ದು ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಕಾಯಿಲೆ ಬಂದದ್ದು ಸದ್ದಿಲ್ಲದೆ. ಬೆಂಕಿಯ ಎದುರು ದಿನವಿಡೀ ನಿಲ್ಲುವವರಿಗೆ ಮಂಡಿನೋವು ಇದ್ದದ್ದೇ. ಮಾವ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಜಾತ್ರೆಯ ಸೀಸನಿನಲ್ಲಿ ದಿನಕ್ಕೆ ಎರಡು. ಡಾಕ್ಟರ ಚೀಟಿ ಇಲ್ಲ, ಏನಿಲ್ಲ. ಬಿ.ಪಿ. ಇತ್ತು, ಅದನ್ನು ನೋಡಿಸಿಯೇ ಇರಲಿಲ್ಲ. ಏರಿದ ಬಿ.ಪಿ.ಯೂ, ವರ್ಷಗಟ್ಟಲೆ ತಿಂದ ನೋವಿನ ಮಾತ್ರೆಯೂ ಕಿಡ್ನಿಯನ್ನು ತಿನ್ನುತ್ತವೆ. ಕಿಡ್ನಿ ಪಾಪ, ಮುಕ್ಕಾಲು ಪಾಲು ಹೋಗುವವರೆಗೂ ತನ್ನ ಕಷ್ಟ ಹೇಳುವುದಿಲ್ಲ. ಕಾಲು ಊದಿಕೊಂಡಾಗ ಮಾವ ನಿಂತು ನಿಂತು ಹೀಗಾಯಿತು ಎಂದುಕೊಂಡರು. ನಾವೂ ಹಾಗೇ ಅಂದುಕೊಂಡೆವು. 2017ರಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ರಕ್ತದ ಕಸ, ಎಂಟು ದಾಟಿತ್ತು. ಒಂದರ ಆಸುಪಾಸು ಇರಬೇಕಾದದ್ದು. ಇಲ್ಲಿ ಅಡಿಗೆ ಕೆಲಸದ ಹುಡುಗರು ಕೂತಿದ್ದೀರಿ. ನಿಮ್ಮ ಕಿಸೆಯಲ್ಲೂ ಆ ಮಾತ್ರೆ ಇರುವುದು ನನಗೆ ಗೊತ್ತು. ದಯವಿಟ್ಟು ಒಂದು ಸಲ ಬಿ.ಪಿ. ನೋಡಿಸಿ, ರಕ್ತ ಪರೀಕ್ಷೆ ಮಾಡಿಸಿ.

ಆಮೇಲೆ ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲು ಯಂತ್ರದಿಂದ ರಕ್ತ ಶುದ್ಧ ಮಾಡುವುದು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಎಂಟು ವರ್ಷ.

ಈಗ ನೀರಿನ ವಿಷಯ ಹೇಳಬೇಕು. ನಮ್ಮ ಮನೆ ಗುಡ್ಡದ ಬುಡದಲ್ಲಿದೆ. ಹಿಂದೆ ಅಜ್ಜನ ಕಾಲದ ಸುರಂಗ ಇದೆ. ಹೊರ ಊರಿನಿಂದ ಬಂದವರಿಗಾಗಿ ಹೇಳುತ್ತೇನೆ: ಸುರಂಗ ಅಂದರೆ ನಮ್ಮ ಕಡೆಯ ಅಡ್ಡ ಬಾವಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಕ್ಕೆ ಪಿಕಾಸಿಯಲ್ಲಿ ಒಬ್ಬ ಮನುಷ್ಯ ನಡೆದು ಹೋಗುವಷ್ಟು ತೂತು ಕೊರೆಯುತ್ತಾ ಹೋಗುತ್ತಾರೆ. ನೀರಿನ ಒರತೆ ಸಿಕ್ಕಿದಲ್ಲಿ ನಿಲ್ಲಿಸುತ್ತಾರೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ನಮ್ಮ ಸುರಂಗದ ನೀರು ದಂಬೆಯಲ್ಲಿ (ಅಡಿಕೆ ಮರದ ದೋಣಿಯಲ್ಲಿ) ಹರಿದು ಅಡಿಗೆ ಕೋಣೆಯ ಹಿಂದಿನ ತೊಟ್ಟಿಗೆ ಬೀಳುತ್ತದೆ. ಹಗಲು ರಾತ್ರಿ ಅದೇ ಸದ್ದು. ಏಪ್ರಿಲ್‌ನಲ್ಲೂ ನಿಲ್ಲುವುದಿಲ್ಲ, ಸಣ್ಣದಾಗುತ್ತದೆ ಅಷ್ಟೆ.

ಆ ಸದ್ದಿನ ಹತ್ತು ಅಡಿ ದೂರದಲ್ಲಿ ಮಲಗುತ್ತಿದ್ದ ಮಾವನಿಗೆ ದಿನಕ್ಕೆ ಕುಡಿಯಲು ಸಿಗುತ್ತಿದ್ದದ್ದು ಮುಕ್ಕಾಲು ಲೀಟರ್. ಅದರಲ್ಲಿ ಕಾಫಿ, ಮಜ್ಜಿಗೆ, ಸಾರು, ಮಾತ್ರೆ ನುಂಗುವ ನೀರು ಎಲ್ಲ ಸೇರಿ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಹೊರಗೆ ಹೋಗುವ ದಾರಿ ಇಲ್ಲ. ಅದು ಕಾಲಲ್ಲಿ, ಮುಖದಲ್ಲಿ, ಕೊನೆಗೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. "ನಮ್ಮ ಊರಿನ ಹೆಸರೇ ಬಾಯಾರು. ನನಗೆ ಈಗ ಅರ್ಥ ಗೊತ್ತಾಯ್ತು" ಎಂದು ಮಾವ ಒಮ್ಮೆ ಹೇಳಿದ್ದರು. ಮೆಲ್ಲಗೆ ಹೇಳಿದ್ದು. ನಾವು ಯಾರೂ ನಗಲಿಲ್ಲ.

ಅತ್ತೆ ಒಂದು ಸ್ಟೀಲ್ ಚೆಂಬಿಗೆ ಒಳಗಡೆ ಮೊಳೆಯಿಂದ ಗೀರು ಹಾಕಿದ್ದರು. ಬೆಳಿಗ್ಗೆ ಗೀರಿನವರೆಗೆ ಸುರಂಗದ ನೀರು ತುಂಬಿ ಇಡುವುದು. ದಿನದಲ್ಲಿ ಏನು ಕುಡಿದರೂ ಅಷ್ಟು ನೀರನ್ನು ಚೆಂಬಿನಿಂದ ತೆಗೆದು ತುಳಸಿಗೆ ಹಾಕುವುದು. ಒಂದು ಲೋಟ ಕಾಫಿ ಕುಡಿದರೆ ಒಂದು ಲೋಟ ನೀರು ತುಳಸಿಗೆ. ಚೆಂಬು ಖಾಲಿಯಾದರೆ ಆ ದಿನದ್ದು ಮುಗಿಯಿತು. ಮಾವ ಪೂಜೆ ಮಾಡಿ ಮೂರು ಉದ್ಧರಣೆ ತೀರ್ಥ ತೆಗೆದುಕೊಂಡರೆ ಮೂರು ಉದ್ಧರಣೆ ನೀರನ್ನೂ ಲೆಕ್ಕಕ್ಕೆ ತೆಗೆಯುತ್ತಿದ್ದರು. ಅತ್ತೆಗೆ ಇದು ಸರಿ ಕಾಣಲಿಲ್ಲ. "ತೀರ್ಥಕ್ಕೆಲ್ಲ ಲೆಕ್ಕ ಉಂಟಾ?" ಎಂದು ಜಗಳ ಮಾಡಿದರು. ಮಾವ ಹೇಳಿದರು: "ದೇವರು ಕೊಟ್ಟದ್ದಾದ್ರೂ ನೀರು ನೀರೇ ಅಲ್ವಾ. ಅವನಿಗೂ ಲೆಕ್ಕ ಸರಿ ಇದ್ದರೇ ಇಷ್ಟ."

ನಾನು ಟೀಚರ್ ಆದ್ದರಿಂದ ಓದಿದ್ದನ್ನು ಅವರಿಗೆ ಹೇಳುವ ಅಭ್ಯಾಸ. ಒಮ್ಮೆ ಲೆಕ್ಕ ಮಾಡಿ ತೋರಿಸಿದೆ. ಯಂತ್ರದಲ್ಲಿ ನಿಮಿಷಕ್ಕೆ ಅರ್ಧ ಲೀಟರಿನಂತೆ ಡಯಾಲಿಸಿಸ್ ನೀರು ಹರಿಯುತ್ತದೆ. ನಾಲ್ಕು ಗಂಟೆಗೆ 120 ಲೀಟರ್. ರಕ್ತ ಒಂದು ಕಡೆ, ಈ ನೀರು ಇನ್ನೊಂದು ಕಡೆ, ನಡುವೆ ತೀರಾ ತೆಳ್ಳಗಿನ ಪೊರೆ. ರಕ್ತದಲ್ಲಿರುವ ಬೇಡದ್ದೆಲ್ಲ ಪೊರೆ ದಾಟಿ ನೀರಿಗೆ ಹೋಗುತ್ತದೆ. ಮಾವ ತುಂಬ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರೆ ಅಕ್ಕಿ ತೊಳೆದ ಹಾಗೆ?" ಹೌದು, ಹಾಗೇ. ಇಂಥ ಯಂತ್ರವನ್ನು ಮೊದಲು ಮಾಡಿದ್ದು ಹಾಲೆಂಡಿನ ವಿಲ್ಲೆಮ್ ಕೋಲ್ಫ್ ಎಂಬ ಡಾಕ್ಟರ್, 1943ರಲ್ಲಿ, ಯುದ್ಧದ ನಡುವೆ. ಪೊರೆಗೆ ಬೇರೆ ಏನೂ ಸಿಗದೆ, ಅಲ್ಲಿನವರು ಸಾಸೇಜ್ ಎಂಬ ತಿಂಡಿ ತುಂಬಲು ಬಳಸುವ ಸೆಲೋಫೇನ್ ಕೊಳವೆಯನ್ನೇ ತೆಗೆದುಕೊಂಡರಂತೆ. ಇದನ್ನು ಕೇಳಿ ಮಾವನ ಮುಖ ಅರಳಿತು. "ಅಡಿಗೆ ಕೋಣೆಯ ಸಾಮಾನೇ ಹಾಗಾದ್ರೆ!" ಮರುದಿನ ಆಸ್ಪತ್ರೆಗೆ ಹೋಗುವಾಗ ಪಕ್ಕದ ಮಂಚದವರಿಗೆಲ್ಲ ಇದನ್ನು ಹೇಳಿದರಂತೆ.

ಊಟದ ಕಷ್ಟ ನೀರಿಗಿಂತ ಕಡಿಮೆಯೇನಲ್ಲ. ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯ ನಿಂತೇ ಹೋಗಬಹುದು. ನಮ್ಮ ತೋಟದಲ್ಲಿ ಬೆಳೆಯುವುದರಲ್ಲೆಲ್ಲ ಅದೇ ಜಾಸ್ತಿ. ಬೊಂಡ (ಎಳನೀರು) ಇಲ್ಲ, ಬಾಳೆಹಣ್ಣು ಇಲ್ಲ, ಹಲಸಿನ ಹಣ್ಣು ಇಲ್ಲ. ದಾರೆಹುಳಿಯಂತೂ (ಸ್ಟಾರ್ ಫ್ರೂಟ್) ಕಿಡ್ನಿ ಕಾಯಿಲೆಯವರಿಗೆ ವಿಷವೇ. ಬಾವಿಕಟ್ಟೆಯ ಹತ್ತಿರ ಇದ್ದ ಮರವನ್ನು ಮಾವ ತಾವೇ ನಿಂತು ಕಡಿಸಿದರು. ಯಾರೋ ಪ್ರೀತಿಯಿಂದ "ಸೋಡಿಯಂ ಕಡಿಮೆ" ಎಂದು ಬರೆದ ಉಪ್ಪಿನ ಪ್ಯಾಕೆಟ್ ತಂದುಕೊಟ್ಟಿದ್ದರು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಹಾಕಿರುತ್ತಾರೆ ಎಂದು ಆಸ್ಪತ್ರೆಯಲ್ಲಿ ಹೇಳಿದ ಮೇಲೆ ಅದು ಹಾಗೇ ವಾಪಸ್ ಹೋಯಿತು.

ಬಟಾಟೆ, ಸುವರ್ಣಗೆಡ್ಡೆ ತಿನ್ನಬೇಕಾದರೆ ಸಣ್ಣದಾಗಿ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಪೊಟ್ಯಾಸಿಯಂ ಇಳಿದ ಆ ನೀರನ್ನು ಚೆಲ್ಲಬೇಕು. ಮೊದಲ ಸಲ ಮಾವ ಅದನ್ನು ಮಾಡಿದ ದಿನ ನಾನು ಅಲ್ಲಿದ್ದೆ. ತರಕಾರಿ ಬೆಂದ ನೀರಿನಲ್ಲೇ ರುಚಿ ಇರುವುದು ಅಂತ ಹುಡುಗರಿಗೆ ಕಲಿಸಿದವರು ಅವರು. ಪಾತ್ರೆ ಹಿಡಿದುಕೊಂಡು ತೊಟ್ಟಿಯ ಹತ್ತಿರ ನಿಂತಿದ್ದಾರೆ, ಬಗ್ಗಿಸಲು ಕೈ ಬರುತ್ತಿಲ್ಲ. ಆಮೇಲೆ ಒಮ್ಮೆಲೇ ಚೆಲ್ಲಿ ಒಳಗೆ ಬಂದು, "ಇನ್ನು ಇದಕ್ಕೆ ರುಚಿ ಎಲ್ಲಿಂದ ತರುವುದು, ನೋಡುವ" ಎಂದು ಜೀರಿಗೆ, ಬೆಳ್ಳುಳ್ಳಿ, ಒಗ್ಗರಣೆ ಸೊಪ್ಪು ಹುಡುಕಿದರು. ನಿಜ ಹೇಳಬೇಕೆಂದರೆ, ಆ ವರ್ಷಗಳಲ್ಲಿ ನಮ್ಮ ಮನೆಯ ಅಡಿಗೆ ಜಾಸ್ತಿ ರುಚಿಯಾಯಿತು. ತಮಗೊಂದು, ನಮಗೊಂದು ಅಡಿಗೆ ಆಗುತ್ತಿತ್ತು. ಎರಡನ್ನೂ ಅವರೇ ಮಾಡುತ್ತಿದ್ದರು, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ. ನಮ್ಮದನ್ನು ಅವರು ತಿನ್ನುವ ಹಾಗಿರಲಿಲ್ಲ. ಹಬೆಗೆ ಮುಖ ಕೊಟ್ಟು, ಬಡಿಸಿ, ಎದುರು ಕೂತು, "ಉಪ್ಪು ಸರಿ ಉಂಟಾ?" ನಾವು ಉಣ್ಣುವುದನ್ನು ನೋಡುತ್ತಾ ಅವರ ಊಟವೂ ಆಗುತ್ತಿತ್ತೋ ಏನೋ.

ಡಯಾಲಿಸಿಸ್‌ಗಾಗಿ ಎಡಗೈಯಲ್ಲಿ ಫಿಸ್ಟುಲಾ ಮಾಡಿದ್ದರು. ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿ, ದಪ್ಪ ಸೂಜಿ ಹಾಕಲು ಆಗುವಷ್ಟು ರಕ್ತನಾಳವನ್ನು ಬಲ ಮಾಡುವುದು. ಅಲ್ಲಿ ಬೆರಳಿಟ್ಟರೆ ಗುಂಯ್ ಎಂದು ನಡುಗುತ್ತದೆ. ಆ ನಡುಕ ನಿಂತರೆ ರಕ್ತನಾಳ ಕಟ್ಟಿತು ಎಂದು ಅರ್ಥ, ಕೂಡಲೇ ಓಡಬೇಕು. ಮಾವನ ಸಣ್ಣ ಮಗಳು ರಾತ್ರಿ ಮಲಗುವ ಮುಂಚೆ ಅಪ್ಪನ ಕೈಗೆ ಕಿವಿ ಇಟ್ಟು ಕೇಳುತ್ತಿದ್ದಳು. "ದುಂಬಿ ಉಂಟಪ್ಪ" ಎಂದು ಹೇಳಿ ಮಲಗುವುದು. ದೊಡ್ಡವಳಾಗಿ ಕಾಲೇಜಿಗೆ ಹೋದ ಮೇಲೂ, ಹಾಸ್ಟೆಲಿನಿಂದ ಫೋನ್ ಮಾಡಿ ಮೊದಲು ಅದನ್ನೇ ಕೇಳುತ್ತಿದ್ದಳು. ಮಾವ ಫೋನನ್ನು ಕೈಗೆ ತಾಗಿಸಿ ಹಿಡಿಯುತ್ತಿದ್ದರು.

ಕಿಡ್ನಿ ಕಸಿ ಯಾಕೆ ಮಾಡಿಸಲಿಲ್ಲ ಎಂದು ಹಲವರು ಕೇಳುತ್ತಾರೆ. ಅತ್ತೆ ಕೊಡಲು ಸಿದ್ಧರಿದ್ದರು, ಪರೀಕ್ಷೆಯಲ್ಲಿ ಅತ್ತೆಗೇ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ದೊಡ್ಡ ಮಗಳು ಮುಂದೆ ಬಂದಳು. ಮಾವ ಒಪ್ಪಲಿಲ್ಲ. ನಾನೂ ಎರಡು ದಿನ ಕೂತು ವಾದ ಮಾಡಿದೆ, ಒಂದು ಕಿಡ್ನಿಯಲ್ಲಿ ಆರೋಗ್ಯವಾಗಿ ಬದುಕುವವರ ವಿಷಯವೆಲ್ಲ ಹೇಳಿದೆ. "ಮಕ್ಕಳಿಗೆ ಕೊಡುವುದು ನನ್ನ ಕೆಲಸ. ತೆಗೆದುಕೊಳ್ಳುವುದಲ್ಲ" ಎಂದು ಎದ್ದು ಹೋದರು. ಆಗ ನನಗೆ ಸಿಟ್ಟು ಬಂದಿತ್ತು. ಈಗಲೂ ಅದು ಸರಿಯಾದ ತೀರ್ಮಾನ ಅಂತ ನನಗೆ ಅನ್ನಿಸುವುದಿಲ್ಲ. ಕೊಡುವ ಸಂತೋಷವನ್ನು ಮಗಳಿಗೂ ಬಿಟ್ಟುಕೊಡಬೇಕಿತ್ತು. ಅತ್ತೆ ತಲೆ ಆಡಿಸುತ್ತಿದ್ದಾರೆ. ಈ ವಿಷಯದಲ್ಲಿ ನಾವಿಬ್ಬರೂ ಒಂದೇ ಪಕ್ಷ.

2020ರ ಮಾರ್ಚ್ ಕೊನೆಯನ್ನು ನೀವು ಯಾರೂ ಮರೆತಿಲ್ಲ. ನಮಗೆ ಆಸ್ಪತ್ರೆ ಅಂದರೆ ಮಂಗಳೂರು. ಮಾವ ಹೋಗುತ್ತಿದ್ದದ್ದೂ ಅಲ್ಲಿಗೇ. ಬೆಳಗ್ಗೆ ನಾಲ್ಕೂವರೆಗೆ ಎದ್ದು, ಪೂಜೆ ಮುಗಿಸಿ, ಉಪ್ಪಳ, ಮಂಜೇಶ್ವರ, ತಲಪಾಡಿ ದಾಟಿ ಹೋಗುವುದು. ಕೊರೊನಾ ಲಾಕ್‌ಡೌನ್‌ನಲ್ಲಿ ಒಂದು ದಿನ ಕೇರಳ, ಕರ್ನಾಟಕದ ಗಡಿಯ ಆ ದಾರಿ ಮುಚ್ಚಿತು. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ನಮ್ಮ ಜಿಲ್ಲೆಯ ಹಲವರು ಆ ದಿನಗಳಲ್ಲಿ ಆಸ್ಪತ್ರೆ ಸೇರಲಾಗದೆ ತೀರಿಹೋದರು. ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ಮೈಯಲ್ಲಿ ಏರುವ ನೀರು ಕೋರ್ಟಿನ ತೀರ್ಪಿಗೆ ಕಾಯುವುದಿಲ್ಲವಲ್ಲ.

ಮಾವನಿಗೆ ಎರಡು ಡಯಾಲಿಸಿಸ್ ತಪ್ಪಿತು. ಮೊದಲನೆಯದು ತಪ್ಪಿದ ಸಂಜೆಯೇ ಅವರು ಚೆಂಬನ್ನು ಅರ್ಧಕ್ಕೆ ಇಳಿಸಿದರು. ಹಣ್ಣು, ತರಕಾರಿ ಪೂರ್ತಿ ಬಿಟ್ಟರು. ಬಸಿದ ಅನ್ನಕ್ಕೆ ಒಂದು ಚಮಚ ತುಪ್ಪ, ಅಷ್ಟೆ. ಒಣಗಿದ ತುಟಿಗೆ ಅತ್ತೆ ಒದ್ದೆ ಬಟ್ಟೆ ತಾಗಿಸುತ್ತಿದ್ದರು. ನಾಲ್ಕನೇ ದಿನ ಮಲಗಿದರೆ ಉಸಿರು ಕಟ್ಟುತ್ತದೆ ಎಂದು ರಾತ್ರಿಯಿಡೀ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಸುರಂಗದ ನೀರು ಬೀಳುತ್ತಲೇ ಇತ್ತು. ನಾನು ಹೋಗಿ ದಂಬೆಯನ್ನು ತಿರುಗಿಸಿ ತೋಟದ ಕಡೆಗೆ ಬಿಟ್ಟೆ. ಸದ್ದು ನಿಂತಿತು. ಮಾವ ಕರೆದರು. "ಎಂತಕ್ಕೆ ಕೂಸೇ? ಇರಲಿ ಬಿಡು. ಅದು ಬೀಳ್ತಾ ಇದ್ರೆ ಮನೆಯಲ್ಲಿ ಎಲ್ಲ ಸರಿ ಉಂಟು ಅಂತ ಅನ್ನಿಸ್ತದೆ." ಮತ್ತೆ ತಿರುಗಿಸಿದೆ. ಮರುದಿನ ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಜಾಗ ಸಿಕ್ಕಿತು. ಆಮೇಲೆ ಕೊನೆಯವರೆಗೂ ಅಲ್ಲಿಗೇ ಹೋದರು. ಅಲ್ಲಿನ ಸಿಸ್ಟರ್‌ಗಳಿಗೆ ಕನ್ನಡ ಬರುವುದಿಲ್ಲ, ಮಾವನಿಗೆ ಮಲಯಾಳ ಅಷ್ಟಕ್ಕಷ್ಟೆ. ನೀರಿಗೆ ಅವರು "ವೆಳ್ಳಂ" ಎಂದರೂ ಉಪ್ಪಿಗೆ ಅವರೂ "ಉಪ್ಪು" ಎಂದೇ ಹೇಳುವುದು ಮಾವನಿಗೆ ದೊಡ್ಡ ಸಮಾಧಾನ.

ಅತ್ತೆಯ ಷರತ್ತಿನಂತೆ ಇದನ್ನೂ ಹೇಳಬೇಕು. ಮಾವ ಸೋತ ದಿನಗಳೂ ಇದ್ದವು. 2022ರ ಬೇಸಿಗೆಯಲ್ಲಿ ಒಂದು ಸಂಜೆ ಚೆಂಬನ್ನು ಎತ್ತಿ ಅಂಗಳಕ್ಕೆ ಎಸೆದರು. "ನಲವತ್ತು ವರ್ಷ ನಿನಗೆ ಬೇಯಿಸಿ ಹಾಕಿದೆ, ನನಗೆ ಒಂದು ಲೋಟ ನೀರು ಇಲ್ವಾ" ಎಂದು ದೇವರ ಕೋಣೆಯ ಕಡೆ ತಿರುಗಿ ಕೂಗಿದರು. ಅವತ್ತು ದೀಪ ಹಚ್ಚಲಿಲ್ಲ. (ಇಲ್ಲಿ ಅತ್ತೆ ಮೂರನೇ ಸಾಲಿನಿಂದ ಹೇಳಿದರು: "ದೀಪ ನಾನು ಹಚ್ಚಿದೆ. ಅವರು ಹಚ್ಚಲಿಲ್ಲ.") ಹೌದು, ಅತ್ತೆ ಹಚ್ಚಿದರು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಮಾವ ತೊಟ್ಟಿಯ ಹತ್ತಿರ ಕೂತು ಆ ಚೆಂಬಿನ ತಗ್ಗನ್ನು ಮರದ ಕೊಡತಿಯಿಂದ ಮೆಲ್ಲ ಮೆಲ್ಲ ತಟ್ಟಿ ನೇರ ಮಾಡುತ್ತಿದ್ದರು. ಆಮೇಲೆ ಲೋಟದಲ್ಲಿ ನೀರು ಅಳೆದು ಹುಯ್ದು ನೋಡಿದರು, ತಗ್ಗು ಬಿದ್ದದ್ದರಿಂದ ಗೀರಿನ ಲೆಕ್ಕ ತಪ್ಪಿದೆಯಾ ಎಂದು. ಸ್ವಲ್ಪ ತಪ್ಪಿತ್ತು. ಹೊಸ ಗೀರು ಹಾಕಿದರು. ಆಮೇಲೆ ಸ್ನಾನಕ್ಕೆ ಹೋಗಿ, ಪೂಜೆಗೆ ಕೂತರು. ಭಕ್ತಿ ಎಂದರೆ ನನಗೆ ಇವತ್ತಿಗೂ ಕಣ್ಣೆದುರು ಬರುವುದು ಆ ಕೊಡತಿಯ ಸದ್ದು.

ಕಾಸರಗೋಡಿನ ಹತ್ತಿರದ ಮಧೂರಿನ ಗಣಪತಿ ಅವರ ಮನಸ್ಸಿನ ದೇವರು. 1992ರಲ್ಲಿ ಅಲ್ಲಿ ಮೂಡಪ್ಪ ಸೇವೆ ನಡೆದಾಗ ಊಟದ ಪಾಕಶಾಲೆಯಲ್ಲಿ ಹೆಚ್ಚುವ ಕೆಲಸಕ್ಕೆ ಹೋಗಿದ್ದವರು ಅವರು. ದೇವರ ಮೂರ್ತಿಯನ್ನೇ ಅಪ್ಪಗಳಿಂದ ಮುಚ್ಚುವ ಆ ಸೇವೆಯನ್ನು ವರ್ಣಿಸುವಾಗ ಅವರ ಎರಡೂ ಕೈ ಮೇಲೆ ಹೋಗುತ್ತಿತ್ತು. ಮತ್ತೆ ಅದು ನಡೆದದ್ದು 33 ವರ್ಷ ಕಳೆದು, 2025ರ ಏಪ್ರಿಲ್‌ನಲ್ಲಿ. ಆಗ ಮಾವನಿಗೆ ನಡೆಯಲೂ ಕಷ್ಟ. ಡಯಾಲಿಸಿಸ್ ಇಲ್ಲದ ದಿನ ನೋಡಿ ಕರೆದುಕೊಂಡು ಹೋದೆವು. ಜನ ಅಂದರೆ ಜನ. ದರ್ಶನ ಮುಗಿಸಿ ಅವರು ಕೇಳಿದ್ದು ಪಾಕಶಾಲೆಯ ಹತ್ತಿರ ಕೂರಲು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಕೊಪ್ಪರಿಗೆಯಿಂದ ಹಬೆ ಏಳುತ್ತಿತ್ತು. ಅವರು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿದ್ದ ಒಬ್ಬ ಹುಡುಗನನ್ನು ಹತ್ತಿರ ಕರೆದು, "ಒಂದು ಹಿಡಿ ಬೇಕಾದೀತು ಮಗ" ಎಂದರು. ಹುಡುಗ ಹಾಕಿದನೋ ಇಲ್ಲವೋ ಗೊತ್ತಿಲ್ಲ, ನಕ್ಕು ತಲೆ ಆಡಿಸಿದ. ಪ್ರಸಾದದ ಅಪ್ಪದಲ್ಲಿ ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡರು. ಉಳಿದದ್ದನ್ನು ಎಲೆಯಲ್ಲಿ ಕಟ್ಟಿಸಿ ಮನೆಯ ಮಕ್ಕಳಿಗೆ ತಂದರು.

ಆಟಿ ತಿಂಗಳ (ಜುಲೈ, ಆಗಸ್ಟ್ ಹೊತ್ತಿನ) ಮಳೆಯಲ್ಲಿ, ಒಂದು ಬೆಳಗಿನ ಜಾವ, ನಿದ್ರೆಯಲ್ಲೇ ಹೋದರು. ಆಸ್ಪತ್ರೆಗೆ ಹೊರಡಬೇಕಾದ ದಿನ. ಹೊರಡುವ ಚೀಲ ತುಂಬಿ ಬಾಗಿಲ ಹತ್ತಿರ ಇಟ್ಟಿತ್ತು.

ಆ ಚೀಲದಲ್ಲಿ ಅವರ ಲೆಕ್ಕದ ಪುಸ್ತಕ ಇತ್ತು. ಎಂಟು ವರ್ಷದ್ದು ಒಟ್ಟು ಹನ್ನೊಂದು ಪುಸ್ತಕ. ಪ್ರತಿ ಪುಟದಲ್ಲೂ ಗೆರೆ ಎಳೆದ ಕಾಲಂಗಳು: ದಿನ, ತೂಕ, ಬಿ.ಪಿ., ನೀರು. ಕೊನೆಯ ಕಾಲಂಗೆ ಹೆಸರಿಲ್ಲ. ಅದರಲ್ಲಿ ಅವರು ಆ ದಿನ ಮನೆಯಲ್ಲಿ ಏನು ಅಡಿಗೆ ಆಯಿತು, ಯಾರು ಉಂಡರು ಎಂದು ಬರೆಯುತ್ತಿದ್ದರು. ಹಿಂದಿನ ದಿನ ಭಾನುವಾರ, ನನಗೆ ಶಾಲೆಗೆ ರಜೆ, ನಾನು ಹೋಗಿದ್ದೆ. ಆಟಿ ಅಂತ ಪತ್ರೊಡೆ ಮಾಡಿದ್ದರು. ಅತ್ತೆ ಕೆಸುವಿನ ಎಲೆಗೆ ಹಿಟ್ಟು ಸವರಿ ಸುತ್ತಿ ಕೊಟ್ಟದ್ದು, ಮಾವ ಕುರ್ಚಿಯಲ್ಲಿ ಕೂತು ಹಿಟ್ಟಿಗೆ ಉಪ್ಪು ಹಾಕಿದ್ದು. ಆ ದಿನದ ಸಾಲನ್ನು ಓದಿ ನಾನು ಕೂರುತ್ತೇನೆ.

"ತೂಕ 51. ನೀರು ಗೀರಿನೊಳಗೆ. ಪತ್ರೊಡೆ. ಕೂಸು ಬಂದಿತ್ತು, ನಾಲ್ಕು ತಿಂದಿತು. ಉಪ್ಪು ಸರಿ ಇತ್ತಂತೆ."